ಆರ್‌ಟಿಎಕ್ಸ್ 5080 ಬರಾಕತ್ತೈತಿ: ಡಬ್ಬಿ ಬಿಚ್ಚೋದ್ರಿಂದ ಓವರ್‌ಕ್ಲಾಕ್ ತನಕ ಏನೇನ್ ನೋಡ್ಬೇಕು?

ವಿದ್ಯಾನಗರ_14700 (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರೀ. ಮೂರು ಫ್ಯಾನಿನ ಆರ್‌ಟಿಎಕ್ಸ್ 5080 (ಎನ್ವಿಡಿಯಾದ ಗ್ರಾಫಿಕ್ಸ್ ಕಾರ್ಡ್) ಆನ್‌ಲೈನ್ ಆರ್ಡರ್ ಆಗೇತಿ, ಈ ವಾರದಾಗ ಕೊರಿಯರ್ ಬರ್ತೈತಿ. ವಾಪಸ್ ತಗೊಳ್ಳೋ ಗಡುವು ಏಳೇ ದಿನ. ಅಷ್ಟರೊಳಗ ಕಾರ್ಡ್ ಸರಿ ಐತೋ ಇಲ್ಲೋ ಖಾತ್ರಿ ಆಗ್ಬೇಕು. ಆಮ್ಯಾಲ ಓವರ್‌ಕ್ಲಾಕ್, ಅಂದ್ರ ಕಾರ್ಖಾನಿ ಇಟ್ಟದ್ದಕ್ಕಿಂತ ಜಾಸ್ತಿ ವೇಗಕ್ಕ ಓಡಿಸೋ ವಿಚಾರನೂ ಐತಿ.

ಈಗಿರೋ ಸಾಮಾನು: ಐ7-14700ಕೆ ಸಿಪಿಯು, ಝಡ್790 ಮದರ್‌ಬೋರ್ಡ್, ಗಾಜಿನ ಬಾಗಿಲಿನ ಮಿಡ್ ಟವರ್ ಕ್ಯಾಬಿನೆಟ್. ಪವರ್ ಸಪ್ಲೈ 850 ವ್ಯಾಟ್ ಗೋಲ್ಡ್, ಫುಲ್ ಮಾಡ್ಯುಲರ್ (ಕೇಬಲ್ ಎಲ್ಲಾ ಬಿಚ್ಚಿ ಹಾಕಾಕ ಬರ್ತಾವ), ಆದ್ರ ಎಟಿಎಕ್ಸ್ 3.0 ಅನ್ನೋ ಹೊಸ ನಿಯಮ ಬರೋಕಿಂತ ಮೊದಲಿನ ಮಾಡೆಲ್. 16 ಪಿನ್ನಿನ ಕೇಬಲ್ ಅದರ ಜೋಡಿ ಬಂದಿಲ್ಲ. 8 ಪಿನ್ನಿನ ಕೇಬಲ್ ಎರಡು ಅದಾವ, ಒಂದೊಂದರ ತುದಿಗೆ ಎರಡೆರಡು ಪ್ಲಗ್. ಯುಪಿಎಸ್ 1100 ವಿಎ. ಹಳೇ ಕಾರ್ಡ್ ಎಎಂಡಿದು.

ಕೇಳೋದಿಷ್ಟು. ಡಬ್ಬಿ ಬಿಚ್ಚುವಾಗ ಏನ್ ನೋಡ್ಬೇಕು? ಈ ಪವರ್ ಸಪ್ಲೈ, ಈ ಯುಪಿಎಸ್ ನಡೀತಾವೋ? ಏಳು ದಿನದಾಗ ಯಾವ ಟೆಸ್ಟ್ ಓಡಿಸಿದ್ರ ಸಾಕು? ಓವರ್‌ಕ್ಲಾಕ್ ಎಷ್ಟರ ತನಕ? ನಮ್ಮ ಕಡೆ ಬ್ಯಾಸಗಿ ನಿಮಗ ಗೊತ್ತ ಐತಿ.

---

ಧಾರವಾಡ_ಸಿಲಿಕಾನ್

ಡಬ್ಬಿ ವಿಚಾರ ನಾ ಹೇಳ್ತೀನಿ, ಕೇಬಲ್ ವಿಚಾರಕ್ಕ ಕೇಶ್ವಾಪುರದವ್ರು ಬಂದೇ ಬರ್ತಾರ.

ವಿಡಿಯೋ ಒಂದೇ ಓಟದಾಗ ಇರ್ಬೇಕ್ರಿ. ನಡುವ ನಿಲ್ಲಿಸಿ ಮತ್ತ ಚಾಲೂ ಮಾಡಿದ ವಿಡಿಯೋ ತಕರಾರಿಗೆ ನಿಲ್ಲೂದಿಲ್ಲ. ಹೊರಗಿನ ರಟ್ಟಿನ ಪೆಟ್ಟಿಗಿ ಆರೂ ಮಗ್ಗಲು ತೋರಿಸ್ರಿ, ವಿಳಾಸದ ಚೀಟಿ ಓದಾಕ ಬರೋಷ್ಟು ಹತ್ರ ಹಿಡೀರಿ, ಟೇಪ್ ಎಲ್ಲೆರ ಎರಡು ಪದರ ಐತೇನು ನೋಡ್ರಿ. ಆಮ್ಯಾಲ ಕತ್ತರಿಸ್ರಿ. ಒಳಗಿನ ಕಂಪನಿ ಡಬ್ಬಿ ಸೀಲಿನ ಎರಡೂ ಕಡೆ ತೋರಿಸಿ ಬಿಚ್ರಿ. 2025ರಾಗ ಅಮೆರಿಕದ ಒಂದು ಅಂಗಡಿಯೊಳಗ ಸೀಲ್ ಹಾಕಿದ 5090 (5080ಕಿಂತ ದೊಡ್ಡ ಕಾರ್ಡ್) ಡಬ್ಬಿಗಳೊಳಗ ಕಾರ್ಡಿನ ಬದಲಿ ಬೆನ್ನಿಗೆ ಹಾಕೋ ಚೀಲ ಸಿಕ್ಕಿದ್ವು. ತೂಕ ಸರಿ ಐತಿ, ಸೀಲ್ ಸರಿ ಐತಿ ಅಂತ ಸುಮ್ನಿರೋ ಹಂಗಿಲ್ಲ.

ಸೀರಿಯಲ್ ನಂಬರ್ ಮೂರು ಕಡೆ ಹೊಂದಬೇಕು: ಡಬ್ಬಿ ಮ್ಯಾಲಿನ ಚೀಟಿ, ಕಾರ್ಡಿನ ಮ್ಯಾಲಿನ ಚೀಟಿ, ಬಿಲ್ಲು. ಬಿಲ್ಲಿನಾಗ ಸೀರಿಯಲ್ ಹಾಕಿರದಿದ್ರ ಅವತ್ತ ಇಮೇಲ್ ಮಾಡಿ ಹಾಕಿಸ್ಕೊಳ್ರಿ, ವಾರಂಟಿ ಹೊತ್ತಿನ್ಯಾಗ ಅದನ್ನ ಕೇಳ್ತಾರ. ಕಾರ್ಡಿನ ಮ್ಯಾಲಿನ ಚೀಟಿ, ಸ್ಕ್ರೂ ಮ್ಯಾಲಿನ ಸಣ್ಣ ಚೀಟಿ ಯಾವುದನ್ನೂ ಕೀಳಬ್ಯಾಡ್ರಿ.

ಕಾರ್ಡ್ ಎತ್ತುವಾಗ ಹಿಂದಿನ ಲೋಹದ ಪಟ್ಟಿ ಒಂದು ಕೈಯಾಗ, ಬ್ಯಾಕ್‌ಪ್ಲೇಟಿನ ಅಂಚು ಇನ್ನೊಂದು ಕೈಯಾಗ. ಫ್ಯಾನ್ ರೆಕ್ಕಿ ಹಿಡಿದು ಎತ್ತಬ್ಯಾಡ್ರಿ. ಮೂರು ಫ್ಯಾನಿನವು ಒಂದೂವರಿಯಿಂದ ಎರಡು ಕೆಜಿ ತೂಗ್ತಾವ, ರೆಕ್ಕಿ ಬುಡ ಅಷ್ಟು ತಡಕೊಳ್ಳೂದಿಲ್ಲ. ಫೆಬ್ರವರಿಯಿಂದ ಮೇ ತನಕ ನಮ್ಮ ಕಡೆ ಹವಾ ಒಣಾ ಇರ್ತೈತಿ, ಸ್ಟ್ಯಾಟಿಕ್ ಜಾಸ್ತಿ. ನೈಲಾನ್ ಚಾಪಿ ಮ್ಯಾಲ ಕುಂತು ಬಿಚ್ಚಬ್ಯಾಡ್ರಿ, ಕಟ್ಟಿಗಿ ಟೇಬಲ್ ಆದ್ರ ಛಲೋ. ಅರ್ಥಿಂಗ್ ಇರೋ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ ಕೆಲಸ ಸುರು ಮಾಡ್ರಿ. ಇನ್ನೊಂದು, ಕಾರ್ಡ್ ಬಂದ ಆ ಬೆಳ್ಳಿ ಬಣ್ಣದ ಚೀಲ ಹೊರಮೈಗೂ ಕರೆಂಟ್ ಹರಿಸಬಹುದು. ಅದರ ಮ್ಯಾಲ ಕಾರ್ಡ್ ಇಟ್ಟು ಪವರ್ ಕೊಟ್ಟು ಟೆಸ್ಟ್ ಮಾಡೋರು ಅದಾರ. ಅದು ಬ್ಯಾಡ.

ಹೊಸಾದೋ, ಯಾರೋ ವಾಪಸ್ ಕೊಟ್ಟದ್ದೋ ಅನ್ನೋದಕ್ಕ ಎರಡು ಜಾಗ ನೋಡ್ರಿ. ಸ್ಲಾಟಿಗೆ ಹೋಗೋ ಬಂಗಾರದ ಪಟ್ಟಿಗಳ ಮ್ಯಾಲ ತೆಳ್ಳನ ಗೆರಿ ಒಂದೆರಡು ಇದ್ರ ಅದು ಕಾರ್ಖಾನಿ ಟೆಸ್ಟಿಂದು, ಹೆದರಬ್ಯಾಡ್ರಿ. ಗೆರಿ ಭಾಳ ಇದ್ದು, ಹಿಂದಿನ ಪಟ್ಟಿಯ ಸ್ಕ್ರೂ ಕೂಡೋ ಕಿವಿ ಸುತ್ತ ಬಣ್ಣ ಉಜ್ಜಿ ಹೋಗಿದ್ರ ಅದು ಒಂದು ಮನಿ ನೋಡಿ ಬಂದ ಕಾರ್ಡ್. ಆಮ್ಯಾಲ ಮೆಲ್ಲಕ ಅಲ್ಲಾಡಿಸಿ ಒಳಗ ಸ್ಕ್ರೂ ಸಪ್ಪಳ ಬರ್ತೈತೇನು ಕೇಳ್ರಿ, ಬೆರಳಿಲೆ ಫ್ಯಾನ್ ಒಂದ ಸುತ್ತು ತಿರುವಿ ಎಲ್ಲಿಯರ ತಾಗ್ತೈತೇನು ನೋಡ್ರಿ. ಬ್ಯಾಕ್‌ಪ್ಲೇಟ್, ಫ್ಯಾನಿನ ನಡುವಿನ ಬಿಲ್ಲೆ, ಅಂಚಿನ ಪಟ್ಟಿ, ಇಷ್ಟೂ ಕಡೆ ಪ್ಲಾಸ್ಟಿಕ್ ಹಾಳಿ ಅಂಟಿಸಿರ್ತಾರ, ತಗೀರಿ. ಬಂಗಾರದ ಪಟ್ಟಿಗೂ ಮಾನಿಟರ್ ಪೋರ್ಟಿಗೂ ಇರೋ ಟೋಪಿ ತಗದು ಡಬ್ಬಿಯೊಳಗ ಇಡ್ರಿ; ವಾರಂಟಿಗೆ ಕಳಸುವಾಗ ಅವು, ಸ್ಪಂಜು, ಚೀಲ ಎಲ್ಲಾ ಬೇಕಾಗ್ತಾವ.

ಅಕಸ್ಮಾತ್ ಮಾರಿದವ್ರು ಕೈ ಎತ್ತಿದ್ರ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡ್ರಿ. ಅದಕ್ಕೂ ಬಗ್ಗದಿದ್ರ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗ ಐತಿ. 2019ರ ಕಾಯ್ದೆ ಪ್ರಕಾರ ಅಂಗಡಿ ದಿಲ್ಲಿಯಾಗಿದ್ರೂ ನೀವಿರೋ ಊರಾಗ ಕೇಸ್ ಹಾಕಾಕ ಬರ್ತೈತಿ. 5 ಲಕ್ಷದ ತನಕ ಫೀ ಇಲ್ಲ.

---

ಕೇಶ್ವಾಪುರ_ಕೇಬಲ್

ಬಂದೆ ನೋಡ್ರಿ.

ಮೊದ್ಲು ಲೆಕ್ಕ. 5080 ತಗೊಳ್ಳೋದು 360 ವ್ಯಾಟ್. 12 ವೋಲ್ಟಿಗೆ ಭಾಗಿಸಿದ್ರ 30 ಆಂಪ್. 16 ಪಿನ್ನಿನ ಕನೆಕ್ಟರಿನಾಗ 12 ವೋಲ್ಟಿನವು ಆರು ಪಿನ್, ಗ್ರೌಂಡ್ ಆರು, ಉಳಿದ ನಾಲ್ಕು ಸಣ್ಣವು ಸೆನ್ಸ್ ಪಿನ್ (ಪ್ಲಗ್ ಕೂತದ್ದು, ಎಷ್ಟು ಪವರ್ ಸಿಗ್ತೈತಿ ಅಂತ ಕಾರ್ಡಿಗೆ ಹೇಳೋವು). ಅಂದ್ರ ಪಿನ್ನಿಗೆ 5 ಆಂಪ್. ಒಂದು ಪಿನ್ ತಡಕೊಳ್ಳೋದು ಸುಮಾರು 9 ಆಂಪಿನ ಮ್ಯಾಲ. ಅದ 5090 ಆದ್ರ 575 ವ್ಯಾಟ್, ಪಿನ್ನಿಗೆ 8 ಆಂಪ್, ಅಂಚಿಗೇ ಬಂದು ನಿಂತಿರ್ತೈತಿ. ಸುಟ್ಟ ಕನೆಕ್ಟರಿನ ಫೋಟೋ ಹೆಚ್ಚಾಗಿ 4090, 5090ವು ಯಾಕಂದ್ರ ಇದ ಕಾರಣ. ನಿಮ್ಮದಕ್ಕ ಅವಕಾಶ ಐತಿ, ಆದ್ರ ಆ ಅವಕಾಶ ಆರೂ ಪಿನ್ ಸಮಾ ಹೊತ್ತಾಗ ಮಾತ್ರ. ಪ್ಲಗ್ ಅರ್ಧ ಕೂತು ಎರಡು ಪಿನ್ ಸಡಿಲಾದ್ರ ಅದೇ 30 ಆಂಪ್ ನಾಕರ ಮ್ಯಾಲ ಬೀಳ್ತೈತಿ. ಭಾಳ ಕಾರ್ಡಿನಾಗ ಪಿನ್ನಿಗೊಂದು ಕರೆಂಟ್ ಅಳೆಯೋ ವ್ಯವಸ್ಥಾ ಇಲ್ಲ, ಕಾರ್ಡಿಗೆ ಗೊತ್ತೂ ಆಗೂದಿಲ್ಲ.

ಡಬ್ಬಿಯೊಳಗ ಮೂರು 8 ಪಿನ್ನಿಂದ 16 ಪಿನ್ನಿಗೆ ಹೋಗೋ ಅಡಾಪ್ಟರ್ ಇರ್ತೈತಿ. ಮೂರಕ್ಕೂ ಬ್ಯಾರೆ ಬ್ಯಾರೆ ಕೇಬಲ್ ಬೇಕು. ನಿಮ್ಮ ಹಂತ್ಯಾಕ ಎರಡ ಕೇಬಲ್ ಅದಾವ ಅಂದ್ರ ಒಂದರ ಜೋಡಿ ಪ್ಲಗ್ ಎರಡೂ ಹಾಕಬೇಕಾಗ್ತೈತಿ. ಆ ಒಂದು ಕೇಬಲ್ ಮ್ಯಾಲ 240 ವ್ಯಾಟ್, 20 ಆಂಪ್, ಮೂರು ತಂತಿಗೆ ಹಂಚಿದ್ರ ತಂತಿಗೆ 6.7 ಆಂಪ್. ಅರ್ಧ ತಾಸು ಟೆಸ್ಟಿಗೆ ನಡೀತೈತಿ. ಓವರ್‌ಕ್ಲಾಕ್ ಮಾಡಿ ದಿನಾ ನಾಕ್ ತಾಸು ಆಡೋದಕ್ಕ ಸರಿ ಅಲ್ಲ, ಪವರ್ ಸಪ್ಲೈ ಕಡೆ ಇರೋ ಪ್ಲಗ್ ಬಿಸಿ ಏರ್ತೈತಿ.

ಎರಡು ದಾರಿ ಅದಾವ. ಅದೇ ಪವರ್ ಸಪ್ಲೈ ಕಂಪನಿ ಅದೇ ಮಾಡೆಲಿಗೆ ಮಾರೋ ಮೂರನೇ 8 ಪಿನ್ ಕೇಬಲ್ ತರಿಸೋದು ಒಂದು. ಅದಕ್ಕಿಂತ ಛಲೋದು, ಅದೇ ಕಂಪನಿಯ 12ವಿ-2×6, ಅಂದ್ರ ಸೀದಾ 16 ಪಿನ್ನಿನ ಕೇಬಲ್ ತರಿಸೋದು. ಪವರ್ ಸಪ್ಲೈ ಕಡೆ ಎರಡು ಪ್ಲಗ್, ಕಾರ್ಡ್ ಕಡೆ ಒಂದು, ನಡುವ ಜೋಡಣಿ ಇಲ್ಲ. ಜೋಡಣಿ ಕಡಿಮಿ ಆದಷ್ಟು ಬಿಸಿ ಆಗೋ ಜಾಗ ಕಡಿಮಿ.

ಬ್ಯಾರೆ ಕಂಪನಿ ಮಾಡ್ಯುಲರ್ ಕೇಬಲ್ "ಕೂಡ್ತೈತಲಾ" ಅಂತ ಹಾಕಿದವ್ರ ಬೋರ್ಡ್ ಸುಟ್ಟಾವ. ಕಾರ್ಡ್ ಕಡೆ ಪಿನ್ ಕ್ರಮ ಎಲ್ಲಾ ಕಡೆ ಒಂದ, ಪವರ್ ಸಪ್ಲೈ ಕಡೆದು ಕಂಪನಿಗೊಂದು ಥರ. 12 ವೋಲ್ಟ್ ಬರೋ ಜಾಗದಾಗ ಗ್ರೌಂಡ್ ಇರಬಹುದು. ಒಂದೇ ಕಂಪನಿಯ ಎರಡು ಮಾಡೆಲಿನಾಗೂ ಬ್ಯಾರೆ ಇರ್ತಾವ. ಕೊಪ್ಪಿಕರ್ ರೋಡಿನ ಅಂಗಡ್ಯಾಗ ಯಾರರ "ಎಲ್ಲಾಕ್ಕೂ ನಡೀತೈತಿ" ಅಂತ ಕೊಟ್ರ ತಗೋಬ್ಯಾಡ್ರಿ.

ಕೂಡ್ಸೋ ಪದ್ಧತಿ: ಕಾರ್ಡ್ ಕ್ಯಾಬಿನೆಟ್ಟಿಗೆ ಹಾಕೋ ಮೊದ್ಲ, ಟೇಬಲ್ ಮ್ಯಾಲ ಒಮ್ಮಿ ಪ್ಲಗ್ ಹಾಕಿ ನೋಡ್ರಿ, ಪೂರಾ ಕೂತಾಗ ಹ್ಯಾಂಗ ಕಾಣ್ತೈತಿ ಅಂತ ಕಣ್ಣಿಗೆ ಗೊತ್ತಾಗ್ಲಿ. ಸಾಕೆಟ್ಟಿನೊಳಗ ಟಾರ್ಚ್ ಬಿಟ್ಟು ಪಿನ್ ನೆಟ್ಟಗ ಅದಾವೇನು ನೋಡ್ರಿ. ಹತ್ತರ ಎಚ್++ ಅಂತ ಗುರ್ತಿದ್ರ ಅದು ಹೊಸ ನಮೂನಿ ಸಾಕೆಟ್. ಅದರಾಗ ಸೆನ್ಸ್ ಪಿನ್ 1.5 ಮಿಮೀ ಗಿಡ್ಡ, ಪವರ್ ಪಿನ್ 0.25 ಮಿಮೀ ಉದ್ದ. ಪ್ಲಗ್ ಪೂರಾ ಕೂಡದಿದ್ರ ಸೆನ್ಸ್ ತಾಗೂದಿಲ್ಲ, ಕಾರ್ಡ್ ಸುರು ಆಗೂದಿಲ್ಲ. "ಕಾರ್ಡ್ ಸತ್ತೈತಿ" ಅಂತ ವಾಪಸ್ ಕಳಿಸೋ ಮೊದ್ಲ ಇದನ್ನ ನೋಡ್ರಿ. ಟಕ್ ಸಪ್ಪಳ ನಂಬಬ್ಯಾಡ್ರಿ, ಕೆಲವು ಪ್ಲಗ್ ಸಪ್ಪಳ ಮಾಡೂದ ಇಲ್ಲ. ಪ್ಲಗ್ಗಿನ ಎರಡೂ ಮಗ್ಗಲು ಫೋನಿಲೆ ಫೋಟೋ ತಗದು ದೊಡ್ಡದು ಮಾಡಿ ಸಂದು ನೋಡ್ರಿ. ಉಗುರು ಹೋಗೋಷ್ಟು ಸಂದು ಇದ್ರ ಕೂತಿಲ್ಲ ಅಂತ. ಈ ಕನೆಕ್ಟರಿನ ಆಯುಷ್ಯನ ಹಾಕಿ ತಗಿಯೋದು 30 ಸಲ, ಅದಕ್ಕ ಸುಮ್‌ಸುಮ್ನ ಬಿಚ್ಚಿ ಹಾಕೋ ಚಟ ಬ್ಯಾಡ.

ಪ್ಲಗ್ಗಿನಿಂದ 35 ಮಿಮೀ ತನಕ ತಂತಿ ನೆಟ್ಟಗ ಬರ್ಬೇಕು, ಆಮ್ಯಾಲ ಬಾಗಿಸ್ಬೇಕು. ಕಾರ್ಡ್ ಬರೋ ಮೊದ್ಲ ಅಳತಿ ತಗೀರಿ: ಕಂಪನಿ ಪುಟದಾಗ ಕಾರ್ಡಿನ ಎತ್ತರ ಕೊಟ್ಟಿರ್ತಾರ, ದೊಡ್ಡವು 140-150 ಮಿಮೀ. ಅದಕ್ಕ 35 ಕೂಡಿಸಿದ್ರ 180ರ ಆಸುಪಾಸು. ಮಿಡ್ ಟವರಿನಾಗ ಬೋರ್ಡಿನಿಂದ ಗಾಜಿನ ತನಕ ಅಷ್ಟು ಜಾಗ ಭಾಳ ಕಡೆ ಇರೂದಿಲ್ಲ. ಕೆಲವು ಕಾರ್ಡಿನಾಗ ಸಾಕೆಟ್ ಒಳಗ ಹುಗಿದಿರ್ತೈತಿ, ಹಂಗಿದ್ರ ಬಚಾವ್. ಇಲ್ಲಾಂದ್ರ ಗಾಜು ಒತ್ತಿ ಮುಚ್ಚಬ್ಯಾಡ್ರಿ, ಆ ಒತ್ತಡ ಒಂದ ಕಡೆ ಪಿನ್ ಎತ್ತತೈತಿ. 90 ಡಿಗ್ರಿ ತಿರುವಿನ ಅಡಾಪ್ಟರ್ ಸಲಹಾ ಕೊಡೋರು ಬರ್ತಾರ; ಅಂಥಾ ಒಂದು ಹೆಸರುವಾಸಿ ಸರಣಿನ ಬಿಸಿ ಆಗಿ ಕರಗೋ ಕಾರಣಕ್ಕ 2024ರ ಫೆಬ್ರವರಿಯಾಗ ಅಮೆರಿಕದಾಗ ವಾಪಸ್ ಕರಿಸ್ಕೊಂಡ್ರು.

850 ವ್ಯಾಟ್ ಸಾಕು, ಎನ್ವಿಡಿಯಾ 5080ಕ್ಕ ಹೇಳೋದೂ ಅಷ್ಟ. ಎಟಿಎಕ್ಸ್ 3.0 ಅಂದ್ರ ಕ್ಷಣಮಾತ್ರ, 100 ಮೈಕ್ರೋಸೆಕೆಂಡ್, ಎರಡು ಪಟ್ಟು ಎಳೆದ್ರೂ ತಡಕೊಳ್ಳೋ ನಿಯಮ. ಹಳೇ ಮಾಡೆಲಿಗೆ ಆ ಭರವಸಾ ಇಲ್ಲ, ಆದ್ರ ಛಲೋ ಗೋಲ್ಡ್ ಯುನಿಟ್ ಆದ್ರ ಸಾಮಾನ್ಯ ನಡೀತೈತಿ. ನಡೀದಿದ್ರ ಆಟದ ನಡುವ ಕಂಪ್ಯೂಟರ್ ಪಟಕ್ನ ಪೂರಾ ಬಂದ್ ಆಗ್ತೈತಿ, ನೀಲಿ ಪರದೆ ಇಲ್ಲ, ಎರರ್ ಇಲ್ಲ. ಅದು ಕಾರ್ಡಿನ ದೋಷ ಅಲ್ಲ, ಪವರ್ ಸಪ್ಲೈ ತನ್ನ ರಕ್ಷಣಾ ಮಾಡ್ಕೊಂಡಿದ್ದು.

ಯುಪಿಎಸ್ ಮಾತ್ರ ನಡಿಯೂದಿಲ್ರಿ. 1100 ವಿಎ ಅಂದ್ರ ಸಾಮಾನ್ಯ 600ರಿಂದ 660 ವ್ಯಾಟ್. ಕಾರ್ಡ್ 360, ಸಿಪಿಯು ಆಟದಾಗ 130-150, ಉಳಿದದ್ದು 60, ಕೂಡಿಸಿದ್ರ 570. ಪವರ್ ಸಪ್ಲೈ ನಷ್ಟ ಸೇರಿ ಗೋಡಿಯಿಂದ 630. ಕರೆಂಟ್ ಹೋದ ಕ್ಷಣ ಯುಪಿಎಸ್ ಓವರ್‌ಲೋಡ್ ಅಂತ ಚೀರಿ ಆಫ್ ಆಗ್ತೈತಿ. ಮ್ಯಾಲ, ಕಡಿಮಿ ರೇಟಿನ ಯುಪಿಎಸ್ ಕೊಡೋ ಕರೆಂಟಿನ ಅಲೆ ಮೆಟ್ಟಿಲು ಮೆಟ್ಟಿಲು ಇರ್ತೈತಿ, ಗೋಡಿ ಕರೆಂಟಿನಂಗ ನುಣುಪು (ಸೈನ್ ವೇವ್) ಇರೂದಿಲ್ಲ. ಆ್ಯಕ್ಟಿವ್ ಪಿಎಫ್‌ಸಿ ಪವರ್ ಸಪ್ಲೈಗೆ ಕೆಲವೊಮ್ಮಿ ಅದು ಹೊಂದೂದಿಲ್ಲ. ತಗೊಂಡ್ರ ಪ್ಯೂರ್ ಸೈನ್ ವೇವ್, 1200 ವ್ಯಾಟಿನದು ತಗೊಳ್ರಿ. ಇಲ್ಲಾಂದ್ರ ಮಾನಿಟರ್, ರೌಟರ್ ಅಷ್ಟ ಯುಪಿಎಸ್‌ಗೆ ಹಚ್ಚಿ ಕಂಪ್ಯೂಟರ್ ಸೀದಾ 16 ಆಂಪ್ ಸಾಕೆಟ್ಟಿಗೆ ಹಾಕ್ರಿ.

ಹಾಂ, ಅರ್ಥಿಂಗ್. ಬರಿಗಾಲಿಲೆ ನಿಂತು ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತೈತೇನು? ಹಂಗಿದ್ರ ಅರ್ಥ್ ಇಲ್ಲ. ಮಲ್ಟಿಮೀಟರ್ ಹಿಡಿದು ಫೇಸ್-ನ್ಯೂಟ್ರಲ್, ಫೇಸ್-ಅರ್ಥ್ ಎರಡೂ ಹೆಚ್ಚೂಕಡಿಮಿ ಒಂದ ಬರ್ಬೇಕು, ನ್ಯೂಟ್ರಲ್-ಅರ್ಥ್ ಎರಡ್ಮೂರು ವೋಲ್ಟ್ ಒಳಗಿರ್ಬೇಕು. ಹಳೇ ಮನಿಗಳಾಗ ಮೂರನೇ ತೂತಿಗೆ ತಂತಿನ ಹಚ್ಚಿರೂದಿಲ್ಲ, ಕಾರ್ಡ್ ಹಾಕೋ ಮೊದ್ಲ ಇಲೆಕ್ಟ್ರಿಶಿಯನ್ನರನ್ನ ಕರಸ್ರಿ.

---

ಗದಗ_ಬೆಂಚ್

ಮೇಲಿನವರು ಹೇಳಿದ್ದಕ್ಕೆ ಸೇರಿಸುವುದು ಕಡಿಮೆ. ಪರೀಕ್ಷೆಯ ಕ್ರಮ ಬರೆಯುತ್ತೇನೆ.

ಹಳೆಯ ಎಎಂಡಿ ಕಾರ್ಡ್ ಇನ್ನೂ ಒಳಗಿರುವಾಗಲೇ ವಿಂಡೋಸ್ ಸೇಫ್ ಮೋಡಿಗೆ ಹೋಗಿ ಡಿಡಿಯು (ಡ್ರೈವರ್ ಬೇರುಸಹಿತ ಅಳಿಸುವ ತಂತ್ರಾಂಶ) ಓಡಿಸಿ, ಹಳೆಯ ಡ್ರೈವರ್ ತೆಗೆದು, ಶಟ್ ಡೌನ್ ಮಾಡಿ. ಇಂಟರ್ನೆಟ್ ಕೇಬಲ್ ಕಳಚಿಡಿ, ಇಲ್ಲದಿದ್ದರೆ ವಿಂಡೋಸ್ ತಾನೇ ಯಾವುದೋ ಡ್ರೈವರ್ ತಂದು ಹಾಕುತ್ತದೆ. ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ ಕ್ಯಾಬಿನೆಟ್ ಬಟನ್ ಹತ್ತು ಸೆಕೆಂಡ್ ಒತ್ತಿ, ಉಳಿದ ಕರೆಂಟ್ ಖಾಲಿಯಾಗಲಿ. ಕಾರ್ಡ್ ಹಾಕಿದ ಮೇಲೆ ಸ್ಲಾಟಿನ ಕೊಂಡಿ ತಾನಾಗಿ ಮೇಲೆದ್ದು ಹಿಡಿಯಬೇಕು. ಹಿಂದಿನ ಸ್ಕ್ರೂ ಎರಡೂ ಬಿಗಿಯಾಗಬೇಕು. ಡಬ್ಬಿಯಲ್ಲಿ ಬಂದ ಆಧಾರದ ಕಡ್ಡಿಯನ್ನು ಕಾರ್ಡಿನ ತುದಿಗೆ ಕೊಡಬೇಕು, ಫ್ಯಾನ್ ರೆಕ್ಕೆಗೆ ತಾಗದಂತೆ. ಮಾನಿಟರ್ ಕೇಬಲ್ ಕಾರ್ಡಿಗೆ. ಇದನ್ನು ಹೇಳಬೇಕಾ ಎನ್ನಬೇಡಿ, ಬೋರ್ಡಿನ ಎಚ್‌ಡಿಎಂಐಗೆ ಹಾಕಿ "ಫ್ರೇಮ್ ಬರುತ್ತಿಲ್ಲ" ಎನ್ನುವವರು ತಿಂಗಳಿಗೊಬ್ಬರು ಇಲ್ಲಿ ಸಿಗುತ್ತಾರೆ.

ಡ್ರೈವರ್ ಹಾಕಿ, ಮೊದಲು ತೆರೆಯಬೇಕಾದದ್ದು ಜಿಪಿಯು-ಝಡ್, ಕಾರ್ಡಿನ ವಿವರ ತೋರಿಸುವ ತಂತ್ರಾಂಶ. 5080 ಎಂದರೆ ಅದರಲ್ಲಿ ಕಾಣಬೇಕಾದದ್ದು: ಶೇಡರ್ 10752, ಟಿಎಂಯು 336, ಆರ್‌ಒಪಿ 112, 16 ಜಿಬಿ ಜಿಡಿಡಿಆರ್7, 256 ಬಿಟ್, ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 960 ಜಿಬಿ. ಆರ್‌ಒಪಿ (ಚಿತ್ರದ ಬಿಂದುಗಳನ್ನು ಕೊನೆಗೆ ಬರೆಯುವ ಘಟಕ) ಮುಖ್ಯ. 2025ರ ಫೆಬ್ರವರಿಯಲ್ಲಿ ಈ ಸರಣಿಯ ಕೆಲವು ಕಾರ್ಡುಗಳಲ್ಲಿ ಎಂಟು ಆರ್‌ಒಪಿ ಕಡಿಮೆ ಇರುವುದು ಹೊರಬಂತು; 5080ರಲ್ಲಿ 104, 5090ರಲ್ಲಿ 176ರ ಬದಲು 168. ಅಂಥ ಕಾರ್ಡು ಶೇಕಡಾ 0.5ಕ್ಕಿಂತ ಕಡಿಮೆ, ಸರಾಸರಿ ನಷ್ಟ ಶೇಕಡಾ 4 ಎಂದು ಎನ್ವಿಡಿಯಾ ಒಪ್ಪಿತು, ಬದಲಿ ಕೊಡಿಸಿಕೊಳ್ಳಿ ಎಂದಿತು. ಡ್ರೈವರ್ ಅಥವಾ ಬಯೋಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ಹೊಸತು ಹಾಕಿದರೆ ಇದು ಸರಿಹೋಗುವುದಿಲ್ಲ. ಹಳೆ ದಾಸ್ತಾನು ಎಲ್ಲಿ ಉಳಿದಿರುತ್ತದೋ, ನೋಡುವುದಕ್ಕೆ ಹತ್ತು ಸೆಕೆಂಡ್ ಸಾಕು.

ಅದೇ ಕಿಟಕಿಯಲ್ಲಿ ಬಸ್ ಇಂಟರ್‌ಫೇಸ್ ×16 5.0 (ಬೋರ್ಡಿನ ಜೊತೆ 16 ಲೇನ್ ಅಂದರೆ ದಾರಿ, ಪಿಸಿಐಇ 5.0 ವೇಗ) ಎಂದಿರಬೇಕು. ಸುಮ್ಮನಿದ್ದಾಗ 1.1 ತೋರಿಸಿದರೆ ಗಾಬರಿ ಬೇಡ, ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಲೋಡ್ ಕೊಟ್ಟು ನೋಡಿ.

ಕಾರ್ಡಿನ ಮೇಲೆ ಸಣ್ಣ ಬಯೋಸ್ ಸ್ವಿಚ್ ಇದ್ದರೆ ಎರಡೂ ಸ್ಥಾನದಲ್ಲಿ ಬೂಟ್ ಆಗುತ್ತದೆಯೇ ನೋಡಿ, ಕಂಪ್ಯೂಟರ್ ಆಫ್ ಮಾಡಿಯೇ ಬದಲಿಸಿ.

ನಂತರ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ, ಆಫ್ಟರ್‌ಬರ್ನರಿನ (ಕಾರ್ಡಿನ ವೇಗ, ಪವರ್ ಬದಲಿಸುವ ತಂತ್ರಾಂಶ) ಒಂದು ಸ್ಲೈಡರನ್ನೂ ಮುಟ್ಟದೆ, 3ಡಿಮಾರ್ಕಿನ ಸ್ಟೀಲ್ ನೊಮ್ಯಾಡ್ ಪರೀಕ್ಷೆ ಮೂರು ಸಲ ಓಡಿಸಿ ಅಂಕ ಬರೆದಿಡಿ. ಕೋಣೆಯ ಉಷ್ಣತೆಯನ್ನೂ ಬರೆದಿಡಿ. 3ಡಿಮಾರ್ಕ್ ತಾಣದಲ್ಲಿ ಇದೇ ಕಾರ್ಡಿನ ಸರಾಸರಿ ಸಿಗುತ್ತದೆ. ಶೇಕಡಾ 3ರೊಳಗೆ ಇದ್ದರೆ ಸರಿ, 8-10 ಕಡಿಮೆ ಇದ್ದರೆ ಕಾರಣ ಹುಡುಕಬೇಕು. ದುಡ್ಡು ಕೊಟ್ಟ ಆವೃತ್ತಿಯಿದ್ದರೆ ಸ್ಟ್ರೆಸ್ ಟೆಸ್ಟ್, 20 ಸುತ್ತು, ಶೇಕಡಾ 97 ಸ್ಥಿರತೆ ಬಂದರೆ ಪಾಸ್. ಮೆಮೊರಿಗೆ ಓಸಿಸಿಟಿ ತಂತ್ರಾಂಶದ ವಿರ್ಯಾಮ್ (ಕಾರ್ಡಿನ ಮೆಮೊರಿ) ಪರೀಕ್ಷೆ ಅರ್ಧ ಗಂಟೆ, ಎರರ್ ಸೊನ್ನೆ ಇರಬೇಕು. ಮುಟ್ಟದ ಕಾರ್ಡಿನಲ್ಲಿ ಒಂದೇ ಒಂದು ಬಂದರೂ ವಾಪಸ್. ಇವು ಓಡುವಾಗ ಎಚ್‌ಡಬ್ಲ್ಯೂಇನ್ಫೋ ತೆರೆದಿರಲಿ. ನೋಡಬೇಕಾದದ್ದು ಜಿಪಿಯು ಉಷ್ಣತೆ, ಮೆಮೊರಿ ಉಷ್ಣತೆ, 16 ಪಿನ್ ವೋಲ್ಟೇಜ್. ಸುಮ್ಮನಿದ್ದಾಗ 12.1 ಇದ್ದದ್ದು ಲೋಡಿನಲ್ಲಿ 11.9ಕ್ಕೆ ಇಳಿದು ಅಲ್ಲೇ ನಿಂತರೆ ತೊಂದರೆಯಿಲ್ಲ. ಲೋಡ್ ಅಷ್ಟೇ ಇದ್ದೂ ಹತ್ತು ನಿಮಿಷದಲ್ಲಿ ಮೆಲ್ಲಗೆ ಇಳಿಯುತ್ತಲೇ ಹೋದರೆ ಪ್ಲಗ್ ಬಿಸಿಯಾಗುತ್ತಿದೆ ಎಂದರ್ಥ, ಕೂಡಲೇ ನಿಲ್ಲಿಸಿ. ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗದ ಉಷ್ಣತೆ) ಹುಡುಕಬೇಡಿ, 50 ಸರಣಿಯಲ್ಲಿ ಆ ಅಂಕಿ ತೋರಿಸುವುದನ್ನು ತೆಗೆದಿದ್ದಾರೆ.

ರಿವ್ಯೂಗಳಲ್ಲಿ 65 ಡಿಗ್ರಿ ಎಂದಿರುತ್ತದೆ, ಅವರ ಕೋಣೆ 22ರ ಆಸುಪಾಸು. ಗದಗಿನಲ್ಲಿ ಏಪ್ರಿಲ್ ಮಧ್ಯಾಹ್ನ ಕೋಣೆಯೊಳಗೇ 35-36. ಕೋಣೆ ಎಷ್ಟು ಏರಿತೋ ಕಾರ್ಡ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, 78-79 ಕಂಡರೆ ಕೂಲರ್ ಕೆಟ್ಟಿಲ್ಲ. ಈ ಕಾರ್ಡಿನ ಮಿತಿ 88 ಡಿಗ್ರಿ. ಕೋಣೆ 25 ಇದ್ದೂ 80 ದಾಟಿದರೆ ಮಾತ್ರ ಕೂಲರ್ ಸರಿಯಾಗಿ ಕೂತಿಲ್ಲವೆಂದು ಅನುಮಾನಿಸಿ.

ಫರ್‌ಮಾರ್ಕ್ ಎಂಬ ಭಾರೀ ಲೋಡಿನ ಪರೀಕ್ಷೆ ಬೇಡ. ಅದು ಪವರ್ ಮಿತಿಗೆ ಢಿಕ್ಕಿ ಹೊಡೆದು ಕ್ಲಾಕ್ (ಚಿಪ್ಪಿನ ವೇಗ) ಇಳಿಸಿಬಿಡುತ್ತದೆ, ಆಟದಲ್ಲಿ ಬರುವ ಮೇಲಿನ ಕ್ಲಾಕ್ ಪರೀಕ್ಷೆಯಾಗುವುದೇ ಇಲ್ಲ.

---

ಕೇಶ್ವಾಪುರ_ಕೇಬಲ್

ಫರ್‌ಮಾರ್ಕ್ ವಿಚಾರದಾಗ ಒಪ್ಪಂಗಿಲ್ರಿ ಸರ್. ಕ್ಲಾಕ್ ಪರೀಕ್ಷಾಕ್ಕ ಅದು ಕೆಲಸಕ್ಕ ಬಾರದ್ದು ಖರೆ, ಆದ್ರ ಕನೆಕ್ಟರಿಗೆ ಅದಕ್ಕಿಂತ ಸಮಾ ಲೋಡ್ ಬ್ಯಾರೆ ಇಲ್ಲ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿದ ಕೂಡ್ಲೆ ಪ್ಲಗ್ಗಿನ ಹತ್ತರ ತಂತಿ ಒಂದೊಂದ ಮುಟ್ಟಿ ನೋಡ್ರಿ. ಎಲ್ಲಾ ಒಂದ ನಮೂನಿ ಬೆಚ್ಚಗಿದ್ರ ಸರಿ. ಒಂದೆರಡು ಸುಡಾಕತ್ತು, ಉಳಿದವು ತಣ್ಣಗಿದ್ರ ಕರೆಂಟ್ ಸಮಾ ಹಂಚಿಲ್ಲ, ಪ್ಲಗ್ ತಗದು ಮತ್ತ ಕೂಡಸ್ರಿ. ಆಗೂ ಹಂಗ ಇದ್ರ ಕೇಬಲ್ ಬದಲಿ ಮಾಡ್ರಿ.

---

ಗದಗ_ಬೆಂಚ್

ಆ ಉದ್ದೇಶಕ್ಕಾದರೆ ಸರಿ. ಹತ್ತೇ ನಿಮಿಷ.

---

ರಾಣೆಬೆನ್ನೂರು_ಓಸಿ

ಓವರ್‌ಕ್ಲಾಕಿಗೆ ಬರೋಣ. 5080 ಈ ವಿಷಯದಲ್ಲಿ ಉದಾರಿ ಕಾರ್ಡ್, 5090ಗಿಂತ ಜಾಸ್ತಿ ಕೊಡತ್ತೆ. ಕಾರ್ಖಾನೆ ಬೂಸ್ಟ್ 2617 ಮೆಗಾಹರ್ಟ್ಸ್ ಅಂತ ಬರೆದಿದ್ರೂ ಆಟದಲ್ಲಿ 2700 ಮೀರಿ ಓಡತ್ತೆ, ಹೆಚ್ಚಿನ ಕಾರ್ಡು 3000 ದಾಟತ್ತೆ.

ಆಫ್ಟರ್‌ಬರ್ನರ್ ಇತ್ತೀಚಿನದು ಹಾಕ್ಕೊಳ್ಳಿ. ಪವರ್ ಲಿಮಿಟ್ ಬಲಕ್ಕೆ ಪೂರ್ತಿ, ಕೆಲವು ಕಾರ್ಡಲ್ಲಿ ಶೇಕಡಾ 100ರಲ್ಲೇ ನಿಲ್ಲತ್ತೆ, ಕೆಲವಲ್ಲಿ 110ರ ಹತ್ರ ಹೋಗತ್ತೆ. ಕೋರ್ ಕ್ಲಾಕ್ +150 ಮೆಗಾಹರ್ಟ್ಸಿಂದ ಶುರು, 50 50 ಏರಿಸಿ, +250 ಆದ್ಮೇಲೆ 25 25. ಪ್ರತಿ ಸಲ ಸ್ಟೀಲ್ ನೊಮ್ಯಾಡ್ ಒಂದು ಓಟ. +300ರಿಂದ +400ರ ನಡುವೆ ಎಲ್ಲೋ ಡ್ರೈವರ್ ಬೀಳತ್ತೆ (ಕ್ರ್ಯಾಶ್ ಆಗತ್ತೆ). ಬಿದ್ದ ಜಾಗದಿಂದ 50 ಕೆಳಗೆ ಬನ್ನಿ.

ಮೆಮೊರಿನ ಕೋರ್ ಜೊತೆ ಏರಿಸ್ಬೇಡಿ. ಕೋರ್ ಸೊನ್ನೆಗೆ ತಂದು ಮೆಮೊರಿ ಒಂದೇ +500, +1000, +1500, +2000. ಬಹಳ ಜನ ಎಡವೋದು ಇಲ್ಲೇ. ಜಿಡಿಡಿಆರ್7 ತನ್ನ ತಪ್ಪು ತಾನೇ ಹಿಡಿದು ಮತ್ತೆ ಕಳಿಸತ್ತೆ. ಹಂಗಾಗಿ ಮಿತಿ ಮೀರಿದ್ರೂ ತಕ್ಷಣ ಕ್ರ್ಯಾಶ್ ಆಗಲ್ಲ, ಪರದೆ ಮೇಲೆ ಚುಕ್ಕಿ ಬರಲ್ಲ, ಸುಮ್ನೆ ನಿಧಾನ ಆಗತ್ತೆ. +2000ದಲ್ಲಿ "ಸ್ಟೇಬಲ್" ಅಂತ ಖುಷಿಪಡ್ತಿರೋರಿಗೆ +1500ರಲ್ಲೇ ಅಂಕ ಜಾಸ್ತಿ ಬರ್ತಿರಬಹುದು. ಅಂಕ ಏರೋದು ನಿಂತ ಜಾಗವೇ ಮಿತಿ, ಕ್ರ್ಯಾಶ್ ಆಗೋ ಜಾಗ ಅಲ್ಲ.

3ಡಿಮಾರ್ಕ್ ಪಾಸಾದದ್ದು ಆಟದಲ್ಲಿ ಬೀಳತ್ತೆ. ಸೈಬರ್‌ಪಂಕ್ 2077 ಪಾಥ್ ಟ್ರೇಸಿಂಗ್ ಹಾಕಿ, ಫ್ರೇಮ್ ಜನರೇಷನ್ ಆನ್ ಮಾಡಿ ಒಂದು ಗಂಟೆ ಬಿಡಿ. ಆಟ ಡೆಸ್ಕ್‌ಟಾಪಿಗೆ ಬಿದ್ರೆ ಈವೆಂಟ್ ವ್ಯೂವರಲ್ಲಿ ಎನ್‌ವಿಎಲ್‌ಡಿಡಿಎಂಕೆಎಂ (ಎನ್ವಿಡಿಯಾ ಡ್ರೈವರ್) ಹೆಸರಲ್ಲಿ ಸಾಮಾನ್ಯವಾಗಿ 153 ನಂಬರಿನ ಎರರ್ ಇರತ್ತೆ. ಕೋರ್ 30 ಇಳಿಸಿ ಮತ್ತೆ ಓಡ್ಸಿ. ಪ್ರೊಫೈಲ್ ಪೂರ್ತಿ ಗಟ್ಟಿ ಆಗೋವರೆಗೆ "ವಿಂಡೋಸ್ ಜೊತೆ ಅಪ್ಲೈ" ಟಿಕ್ ಹಾಕ್ಬೇಡಿ, ಇಲ್ಲಾಂದ್ರೆ ಬೂಟ್ ಆದ ಕೂಡ್ಲೆ ಬೀಳೋ ಸುತ್ತಲ್ಲಿ ಸಿಕ್ಕಾಕ್ಕೋತೀರಿ.

ಇದಿಷ್ಟು ನವೆಂಬರಿಂದ ಫೆಬ್ರವರಿಗೆ. ಬೇಸಿಗೆಗೆ ಅಂಡರ್‌ವೋಲ್ಟ್ (ಕಡಿಮೆ ವೋಲ್ಟೇಜಲ್ಲಿ ಓಡಿಸೋ) ಪ್ರೊಫೈಲ್ ಬೇರೆ ಇಟ್ಕೊಳ್ಳಿ. ಕಂಟ್ರೋಲ್ ಎಫ್ ಒತ್ತಿದ್ರೆ ವೋಲ್ಟೇಜ್ ಗೆರೆ ತೆರೆಯತ್ತೆ. ಮೊದ್ಲು ಕೋರ್ ಸ್ಲೈಡರಲ್ಲಿ ಇಡೀ ಗೆರೆನ 200-250 ಕೆಳಗೆ ಇಳಿಸಿ ಅಪ್ಲೈ. ಆಮೇಲೆ 950 ಮಿಲಿವೋಲ್ಟಿನ ಚುಕ್ಕಿ ಒಂದನ್ನೇ ಹಿಡಿದು 2800ಕ್ಕೆ ಎತ್ತಿ ಅಪ್ಲೈ ಕೊಡಿ. ಅದರ ಬಲಗಡೆ ಚುಕ್ಕಿಗಳೆಲ್ಲ ಅದೇ ಎತ್ತರಕ್ಕೆ ಸಪಾಟಾಗತ್ತೆ. ಕಾರ್ಡು ಅದಕ್ಕಿಂತ ಹೆಚ್ಚು ವೋಲ್ಟ್ ಕೇಳೋದೇ ಇಲ್ಲ. ಒಂದು ದಿನ ಆಡಿ, ಗಟ್ಟಿ ಇದ್ರೆ 925ಕ್ಕೆ ಇಳಿಸಿ ನೋಡಿ. ಕಾರ್ಖಾನೆ ವೇಗದ ಆಸುಪಾಸಲ್ಲೇ ಇದ್ದು ಹತ್ತಾರು ವ್ಯಾಟ್ ಉಳಿಯತ್ತೆ, ಫ್ಯಾನ್ ಸದ್ದೂ ಇಳಿಯತ್ತೆ. ನನ್ನ ಕೇಳಿದ್ರೆ ವರ್ಷಪೂರ್ತಿ ಇದೇ ಸಾಕು, ಆ ಕೊನೆಯ ನಾಲ್ಕು ಫ್ರೇಮಿಗೆ 40 ವ್ಯಾಟ್ ಸುಡೋದು ಬೆಂಚ್‌ಮಾರ್ಕ್ ಪಟ್ಟಿಗಷ್ಟೆ ಚಂದ.

ಮೆನುವಲ್ಲಿ ಫ್ರೇಮ್ 500-600 ಹೋದಾಗ ಕಾರ್ಡಿನ ಕಾಯಿಲ್ (ತಂತಿ ಸುರುಳಿ) ಕೀರ್ ಅನ್ನತ್ತೆ. ಅದಕ್ಕೆ ವಾರಂಟಿ ಕೊಡಲ್ಲ, ಮಾನಿಟರಿನ ಹರ್ಟ್ಸಿಗೆ ಫ್ರೇಮ್ ಕ್ಯಾಪ್ (ಮಿತಿ) ಹಾಕಿದ್ರೆ ಬಹಳ ಮಟ್ಟಿಗೆ ಕಡಿಮೆ ಆಗತ್ತೆ.

---

ಧಾರವಾಡ_ಸಿಲಿಕಾನ್

ಧೂಳಿಂದೂ ಒಂದು ಮಾತು. ಫಿಲ್ಟರ್ ತಿಂಗಳಿಗೊಮ್ಮಿ ತೊಳೀರಿ, ಹುಬ್ಬಳ್ಳಿ ಧೂಳಿಗೆ ಮೂರು ತಿಂಗಳು ಬಿಟ್ರ ಜಾಳಿಗಿ ಕಾಣೂದಿಲ್ಲ. ಕಾರ್ಡ್ ಊದುವಾಗ ಫ್ಯಾನ್ ಬೆರಳಿಲೆ ಹಿಡಕೊಂಡು ಊದ್ರಿ, ಗಾಳಿಗೆ ಬಿಟ್ರ ಮಿತಿ ಮೀರಿ ತಿರುಗಿ ಬೇರಿಂಗ್ ಹೋಗ್ತೈತಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಗಾಳಿ ಮಾತ್ರ ಹಾಕಿಸಬ್ಯಾಡ್ರಿ, ಅದರಾಗ ನೀರೂ ಎಣ್ಣಿನೂ ಬರ್ತೈತಿ.

---

ವಿದ್ಯಾನಗರ_14700

ಎಲ್ಲಾರಿಗೂ ಥ್ಯಾಂಕ್ಸ್ ರೀ. ಕಾರ್ಡ್ ಬಂತು, ಸೀರಿಯಲ್ ಮೂರೂ ಹೊಂದ್ಯಾವ, ಆರ್‌ಒಪಿ 112 ಐತಿ. 12ವಿ-2×6 ಕೇಬಲ್ ಪವರ್ ಸಪ್ಲೈ ಕಂಪನಿದ ಆರ್ಡರ್ ಹಾಕೀನಿ, ಅಲ್ಲೀತನ ಅಡಾಪ್ಟರ್, ಪವರ್ ಲಿಮಿಟ್ 75ಕ್ಕ ಇಟ್ಟೀನಿ. ಒಂದ ಡೌಟ್: ಜಿಪಿಯು-ಝಡ್‌ನಾಗ ಲೋಡ್ ಕೊಟ್ಟಾಗೂ ×16 5.0 @ ×8 5.0 ಅಂತ ತೋರಸಾಕತ್ತೈತಿ. ಕಾರ್ಡ್ ವಾಪಸ್ ಕಳಸ್ಲೇನು?

---

ಗದಗ_ಬೆಂಚ್

ಈಗಲೇ ಕಳಿಸಬೇಡಿ. ಸಿಪಿಯುವಿಗೆ ಹತ್ತಿರದ ಎಂ.2 ಸ್ಲಾಟಿನಲ್ಲಿ ಎಸ್‌ಎಸ್‌ಡಿ ಇದೆಯಾ ನೋಡಿ. 14700ಕೆ ಸಿಪಿಯು ಗ್ರಾಫಿಕ್ಸ್ ಕಾರ್ಡಿಗೆಂದು ಕೊಡುವುದು 16 ಲೇನ್ 5.0. ಕೆಲವು ಝಡ್790 ಬೋರ್ಡುಗಳಲ್ಲಿ ಜೆನ್5 (ಅಂದರೆ 5.0) ಎಂ.2 ಸ್ಲಾಟ್ ಅದೇ ಹದಿನಾರರಿಂದ ಕದಿಯುತ್ತದೆ. ಅಲ್ಲಿ ಯಾವ ಎಸ್‌ಎಸ್‌ಡಿ ಹಾಕಿದರೂ ಕಾರ್ಡ್ ×8ಕ್ಕೆ ಇಳಿಯುತ್ತದೆ. ಬೋರ್ಡಿನ ಮ್ಯಾನುಯಲ್‌ನಲ್ಲಿ ಎಂ.2 ಪುಟದ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಎಸ್‌ಎಸ್‌ಡಿಯನ್ನು ಪಕ್ಕದ ಜೆನ್4 ಸ್ಲಾಟಿಗೆ ಸರಿಸಿ.

ಆ ಸ್ಲಾಟ್ ಖಾಲಿಯಿದ್ದೂ ×8 ಬಂದರೆ ಕಾರ್ಡ್ ತೆಗೆದು ಬಂಗಾರದ ಪಟ್ಟಿಯನ್ನು ಐಸೊಪ್ರೊಪೈಲ್ ಹಾಕಿದ ಬಟ್ಟೆಯಿಂದ ಒರೆಸಿ, ಮತ್ತೆ ಕೂರಿಸಿ, ಆಧಾರದ ಕಡ್ಡಿಯನ್ನು ತುಸು ಎತ್ತಿ. ಭಾರಕ್ಕೆ ತುದಿ ಬಾಗಿ ಹಿಂದಿನ ಪಟ್ಟಿಗಳು ತಾಗದಿರುವುದುಂಟು. ರೈಸರ್ ಕೇಬಲ್ (ಕಾರ್ಡನ್ನು ಬೋರ್ಡಿನಿಂದ ದೂರ ಕೂರಿಸುವ ಕೇಬಲ್) ಇದ್ದರೆ ತೆಗೆದು ನೇರ ಬೋರ್ಡಿಗೆ ಹಾಕಿ. ಜೆನ್4 ರೈಸರಾದರೆ ಬಯೋಸಿನಲ್ಲಿ ಸ್ಲಾಟನ್ನು ಜೆನ್4ಕ್ಕೆ ಕಟ್ಟಿಹಾಕಬೇಕು, ಇಲ್ಲದಿದ್ದರೆ ಪರದೆ ಕಪ್ಪಾಗುತ್ತದೆ. ಇಷ್ಟಾದ ಮೇಲೂ ×8 ಇದ್ದರೆ ಬೇರೆ ಬೋರ್ಡಿನಲ್ಲಿ ಹಾಕಿ ನೋಡಿ, ಅಲ್ಲೂ ಹಾಗೇ ಆದರೆ ಆಗ ವಾಪಸ್.

ಅಂದಹಾಗೆ 5.0ದ ×8 ಎಂದರೆ 4.0ದ ×16ರಷ್ಟೇ ಅಗಲ. ಆಟದಲ್ಲಿ ವ್ಯತ್ಯಾಸ ಶೇಕಡಾ ಒಂದರ ಸುತ್ತ.

---

ವಿದ್ಯಾನಗರ_14700

ಎಸ್‌ಎಸ್‌ಡಿ ಅದ ಸ್ಲಾಟಿನಾಗ ಇತ್ರಿ. ಕೆಳಗಿನದಕ್ಕ ಸರಿಸಿದ ಮ್ಯಾಲ ×16 5.0 ಬಂತು. ಸ್ಟೀಲ್ ನೊಮ್ಯಾಡ್ ಅಂಕ ಕೇಬಲ್ ಬಂದಮ್ಯಾಲ, ಪವರ್ ಲಿಮಿಟ್ 100ಕ್ಕ ಇಟ್ಟು ಹಾಕ್ತೀನಿ.